ದೂರದ ಪೈಪು

ಕಳೆದ ತಿಂಗಳು ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಂದು ಶ್ರದ್ಧಾಂಜಲಿ ಸಭೆ ನಡೆಯಿತು. ಸಭೆ ಎಂದರೆ ಚಹಾದ ಬಿಡುವಿನಲ್ಲಿ ಎಲ್ಲರೂ ಎದ್ದು ನಿಂತದ್ದು. ಒಂದು ನಿಮಿಷದ ಮೌನ ಎಂದರು. ಅದು ಅರ್ಧಕ್ಕೆ ಬರುವಷ್ಟರಲ್ಲಿ ಬೆಲ್ಲು ಹೊಡೆಯಿತು, ಎಲ್ಲರೂ ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ಹೊರಟರು. ಅದಕ್ಕೆ ಮೊದಲು ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರು ಎರಡು ಮಾತಾಡಿದ್ದರು. ‘ಶಾಂತ ಸ್ವಭಾವದವರು. ಹೇಳಿದ ಕೆಲಸವನ್ನು ಎದುರಾಡದೆ ಮಾಡುತ್ತಿದ್ದರು.’

ನನಗೆ ಮೈ ಉರಿದುಹೋಯಿತು. ಶಾಂತ ಸ್ವಭಾವ! ಈ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದ ಆ ಮನುಷ್ಯನಷ್ಟು ಕೋಪಿಷ್ಠನನ್ನು ನಾನು ಬೇರೆ ಕಂಡಿಲ್ಲ. ಎದುರಾಡದೆ ಮಾಡಿದ ಒಂದೇ ಒಂದು ಕೆಲಸ ಇದ್ದರೆ ತೋರಿಸಲಿ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು, ಒಪ್ಪಿದೆ. ಸುಳ್ಳು ಹೇಳಬೇಕೆಂದು ಯಾವ ಶಾಸ್ತ್ರದಲ್ಲಿದೆ? ಬದುಕಿದ್ದಾಗ ಅವರ ಮಾತನ್ನು ಕೇಳಲಿಲ್ಲ. ಈಗ ಅವರು ಮಾತೇ ಆಡಲಿಲ್ಲವೆಂದು ಷರಾ ಬರೆದು ಮುಗಿಸುತ್ತಿದ್ದೇವೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾದಲ್ಲಿ ಬರೆದಿದ್ದೇನೆ. ಎಲ್ಲಿ ಎಂಬುದನ್ನು ಕೊನೆಗೆ ಹೇಳುತ್ತೇನೆ.

ನಾನು ಅದೇ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಮೂಡುಬಿದಿರೆಯಿಂದ ವೇಣೂರಿನ ದಾರಿಯಾಗಿ ಬೆಳ್ತಂಗಡಿ ಕಡೆಗೆ ದಿನಾ ಬಸ್ಸಿನಲ್ಲಿ ಬರುತ್ತೇನೆ. ಅವರು ಬಂಟ್ವಾಳದ ದಾರಿಯಲ್ಲಿ, ಮಡಂತ್ಯಾರಿನಿಂದ ಬರುತ್ತಿದ್ದರು. ಗುರುವಾಯನಕೆರೆಯಲ್ಲಿ ಇಬ್ಬರೂ ಇಳಿದು ಒಂದೇ ಬಸ್ಸು ಹತ್ತುವುದು ರೂಢಿ. ಗಿಡ್ಡ ಆಳು, ತೋಳು ಮಡಚಿದ ಬಿಳಿ ಅಂಗಿ, ಕಿಸೆಯಲ್ಲಿ ಬೇರೆಯವರು ಪೆನ್ನು ಸಿಕ್ಕಿಸುವ ಜಾಗದಲ್ಲಿ ಆರಿಂಚಿನ ಸ್ಟೀಲ್ ಸ್ಕೇಲು. ಆ ಸ್ಕೇಲು ಹೊರಗೆ ಬಂತೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ. ಒಮ್ಮೆ ಕ್ಯಾಂಟೀನಿನಲ್ಲಿ ಬನ್ಸನ್ನು ತಟ್ಟೆಯಲ್ಲಿಟ್ಟು ಅಳೆದು, ‘ಹೋದ ತಿಂಗಳು ಮೂರೂಮುಕ್ಕಾಲು ಇತ್ತು, ಈಗ ಮೂರು. ಮುಕ್ಕಾಲು ಇಂಚು ಎಲ್ಲಿಗೆ ಹೋಯ್ತು ಮಾರಾಯ್ರೆ?’ ಎಂದು ಕೇಳಿದ್ದರು. ಕ್ಯಾಂಟೀನಿನವನು ಎರಡು ದಿನ ಅವರಿಗೆ ಚಹಾ ಕೊಡಲಿಲ್ಲ. ಅವರೂ ಕೇಳಲಿಲ್ಲ.

ಕೋಪ ಎಂದರೆ ಗದ್ದಲದ ಕೋಪವಲ್ಲ. ಮುಖ ಕೆಂಪಾಗುತ್ತಿತ್ತು, ಮಾತು ಸಣ್ಣದಾಗುತ್ತಿತ್ತು. ಹೊಸದಾಗಿ ಸೇರಿದ ಉಪನ್ಯಾಸಕಿಯೊಬ್ಬರು ದೂರದರ್ಶಕದ ಮಸೂರವನ್ನು ಸೀರೆಯ ಸೆರಗಿನಿಂದ ಒರೆಸಲು ಹೋದಾಗ ಕೈ ಅಡ್ಡ ಹಿಡಿದು, ‘ಮೇಡಂ, ನಿಮ್ಮ ಕಣ್ಣನ್ನು ಯಾರಾದ್ರೂ ಸೆರಗಿನಲ್ಲಿ ಉಜ್ಜಿದ್ರೆ ಆಗ್ತದಾ?’ ಎಂದರು. ಆಕೆ ಅತ್ತೇಬಿಟ್ಟರು. ಮಾರನೆಯ ದಿನ ಇವರು ತಾವೇ ತಂದ ರಬ್ಬರ್ ಬುಗ್ಗೆಯೊಂದನ್ನು ಅವರ ಮೇಜಿನ ಮೇಲಿಟ್ಟು, ಅದನ್ನು ಒತ್ತಿ ಗಾಳಿ ಹಾಯಿಸಿ ಧೂಳು ಹಾರಿಸುವುದನ್ನು ಕಲಿಸಿಕೊಟ್ಟರು. ಕ್ಷಮೆ ಕೇಳಲಿಲ್ಲ. ಕ್ಷಮೆ ಕೇಳುವಂಥದ್ದು ಏನೂ ಆಗಿಲ್ಲ ಎಂಬುದು ಅವರ ಲೆಕ್ಕ.

ಅವರದೊಂದು ಮಾತಿತ್ತು: ‘ಸ್ವಲ್ಪ ಹಿಂದೆ ಹೋಗಿ, ಆಗ ಕಾಣ್ತದೆ.’ ನೋಟೀಸ್ ಬೋರ್ಡಿಗೆ ಮುಗಿಬಿದ್ದ ವಿದ್ಯಾರ್ಥಿಗಳಿಗೂ ಅದೇ, ಗುಂಪು ಫೋಟೋ ತೆಗೆಯುವವನಿಗೂ ಅದೇ, ಸ್ಟಾಫ್ ಮೀಟಿಂಗಿನಲ್ಲಿ ಜಗಳಕ್ಕೆ ನಿಂತ ಇಬ್ಬರು ಪ್ರೊಫೆಸರರಿಗೂ ಬಾಗಿಲ ಹೊರಗಿನಿಂದ ಅದೇ. ಓದಿದ್ದು ಎಸ್ಸೆಸ್ಸೆಲ್ಸಿ.

ದೂರದರ್ಶಕ ಕಾಲೇಜಿಗೆ ಬಂದದ್ದು ನಾನು ಸೇರುವ ಮುಂಚೆ. ಉದ್ದ ಕೊಳವೆಯದು, ಮುಂದೆ ದೊಡ್ಡ ಮಸೂರ, ಹಿಂದೆ ಕಣ್ಣಿಡುವ ಜಾಗ. ಪೆಟ್ಟಿಗೆಯ ಒಳಗಿದ್ದ ಬಿಡಿ ವಸ್ತುಗಳಿಗೆಲ್ಲ ಇಂಗ್ಲಿಷಿನ ಹೆಸರುಗಳಿದ್ದವು. ಇವರು ಒಂದೊಂದನ್ನೂ ಜೋಡಿಸಿ, ಬಿಚ್ಚಿ, ಏನಕ್ಕೆ ಎಂದು ತಿಳಿದುಕೊಂಡು ತಮ್ಮದೇ ಹೆಸರು ಕೊಟ್ಟು ಪೆಟ್ಟಿಗೆಯ ಮುಚ್ಚಳದ ಒಳಗೆ ಚೀಟಿ ಅಂಟಿಸಿದ್ದರು. ಕಣ್ಣು ದೊಡ್ಡದು – ೧. ಕಣ್ಣು ಸಣ್ಣದು – ೧. ಮೊಣಕೈ – ೧. ದೂರದ ಪೈಪು – ೧. ಕಣ್ಣು ಎಂದರೆ ಹಿಂದೆ ಸಿಕ್ಕಿಸಿ ಕಣ್ಣಿಟ್ಟು ನೋಡುವ ಮಸೂರ. ಮೊಣಕೈ ಎಂದರೆ ಒಳಗೆ ಕನ್ನಡಿಯಿರುವ ಬಾಗಿದ ತುಂಡು. ಅದನ್ನು ಸಿಕ್ಕಿಸಿಕೊಂಡರೆ ಕುತ್ತಿಗೆ ಮುರಿಯದೆ ಮೇಲಿನಿಂದ ಬಗ್ಗಿ ಆಕಾಶ ನೋಡಬಹುದು. ದೂರದ ಪೈಪು ಎಂದರೆ ಗೇಣಿಗಿಂತ ಗಿಡ್ಡದಾದ, ಎರಡೂ ಕಡೆ ತೆರೆದ ಅಲ್ಯೂಮಿನಿಯಂ ಕೊಳವೆ. ಒಳಗೆ ಗಾಜಿಲ್ಲ, ಕನ್ನಡಿಯಿಲ್ಲ, ಏನೂ ಇಲ್ಲ.

ಈಗ ನಮ್ಮ ಕಾಲೇಜಿನ ಒಂದು ಪದ್ಧತಿ ಹೇಳಬೇಕು. ಪ್ರತಿವರ್ಷ ಮಾರ್ಚಿನಲ್ಲಿ ಪ್ರಯೋಗಾಲಯಗಳ ಸ್ಟಾಕ್ ತಪಾಸಣೆ ನಡೆಯುತ್ತದೆ. ಒಂದು ವಿಭಾಗದ ಸಾಮಾನನ್ನು ಅದೇ ವಿಭಾಗದವರು ಎಣಿಸಿದರೆ ಮೋಸ ಆದೀತೆಂದು ಬೇರೆ ವಿಭಾಗದವರನ್ನು ಕಳಿಸುತ್ತಾರೆ. ಅಂದರೆ ವಸ್ತುವಿನ ಗಂಧಗಾಳಿ ಇಲ್ಲದವರೇ ಅದನ್ನು ಎಣಿಸಬೇಕು. ಏಳು ವರ್ಷದ ಹಿಂದೆ ಭೌತಶಾಸ್ತ್ರಕ್ಕೆ ಹೋದದ್ದು ನಾನು ಮತ್ತು ಕಾಮರ್ಸಿನ ಸಹೋದ್ಯೋಗಿಯೊಬ್ಬರು. ಅಟೆಂಡರರನ್ನು ಆ ದಿನ ಬೇರೆ ಕಾಲೇಜಿಗೆ ಪರೀಕ್ಷೆಯ ಕೆಲಸಕ್ಕೆ ಕಳಿಸಿದ್ದರು.

ರಿಜಿಸ್ಟರಿನಲ್ಲಿ ಬರೆದಿದ್ದು: ದೂರದರ್ಶಕ, ಬಿಲ್ಲಿನ ಪಟ್ಟಿಯಂತೆ ಬಿಡಿಭಾಗ ಸಹಿತ. ಪಟ್ಟಿಯಲ್ಲಿ ಎರಡು ಕಣ್ಣು ಇದ್ದವು, ಮೊಣಕೈ ಇತ್ತು, ನಿಲ್ಲಿಸುವ ಮುಕ್ಕಾಲಿ ಇತ್ತು. ಈ ಕೊಳವೆ ಇರಲಿಲ್ಲ. ಕಾಮರ್ಸಿನವರು ಅದನ್ನು ಕಣ್ಣಿಗೆ ಹಿಡಿದು ಆ ಕಡೆಯಿಂದ ನನ್ನನ್ನು ನೋಡಿ ನಕ್ಕರು. ‘ಇದ್ರಲ್ಲಿ ಎಂತ ಉಂಟು? ಬರೀ ಖಾಲಿ. ನೋಡಿ ಮೇಡಂ, ಆಡಿಟಿಗೆ ಕಡಿಮೆ ಆದ್ರೂ ತಪ್ಪು, ಹೆಚ್ಚು ಆದ್ರೂ ತಪ್ಪು. ಹೆಚ್ಚು ಇದ್ದದ್ದನ್ನು ತೆಗೆದುಬಿಡುವ.’ ಮುಚ್ಚಳದ ಚೀಟಿಯನ್ನು ನಾನು ಓದಿದ್ದೆ. ಕನ್ನಡದಲ್ಲೇ ಇತ್ತಲ್ಲ. ‘ದೂರದ ಪೈಪು’ ಎಂಬ ಹೆಸರು ಚಂದ ಇದೆ ಅನ್ನಿಸಿತು ಕೂಡ. ಆದರೂ ಅಟೆಂಡರ್ ಬರೆದ ಚೀಟಿ ರಿಜಿಸ್ಟರಾಗುತ್ತದೆಯೆ? ನಾನೇ ನನ್ನ ಚೊಕ್ಕ ಕೈಬರಹದಲ್ಲಿ ಬರೆದೆ: ‘ದಾಖಲೆಯಲ್ಲಿಲ್ಲದ ಖಾಲಿ ಅಲ್ಯೂಮಿನಿಯಂ ಪೈಪು – ೧. ಹೆಚ್ಚುವರಿ. ವಿಲೇವಾರಿ ಮಾಡಬಹುದು.’ ಸಹಿ ಹಾಕಿದೆ. ಕೆಮಿಸ್ಟ್ರಿಯ ತುಕ್ಕು ಹಿಡಿದ ನಲ್ಲಿಗಳ ಜೊತೆ ಅದೂ ಮೂಲೆ ಸೇರಿತು. ಮುಂದಿನ ವಾರ ಗುಜರಿಯವನು ಬಂದು ಒಯ್ದ.

ಆ ವರ್ಷ ಕಾಲೇಜು ಶುರುವಾದ ಮೇಲೆ ವಿಜ್ಞಾನ ಸಂಘದ ಉದ್ಘಾಟನೆ. ಮಳೆ ಬಿಟ್ಟ ಸಂಜೆ, ನೆತ್ತಿಯ ಹತ್ತಿರ ಅರ್ಧ ಚಂದ್ರ. ಮುಖ್ಯ ಅತಿಥಿಯಾಗಿ ಊರಿನ ದೊಡ್ಡ ಉದ್ಯಮಿಯೊಬ್ಬರು ಬಂದಿದ್ದರು. ದೂರದರ್ಶಕಕ್ಕೆ ಕ್ಯಾಮರಾ ಕಟ್ಟಿ ಚಂದ್ರನನ್ನು ದೊಡ್ಡ ಪರದೆಯ ಮೇಲೆ ತೋರಿಸುವುದೆಂದು ವಿಭಾಗದ ಮುಖ್ಯಸ್ಥರು ಆಮಂತ್ರಣ ಪತ್ರಿಕೆಯಲ್ಲೇ ಹಾಕಿಸಿದ್ದರು. ಸಂಜೆ ಅವರೇ ಮೊಣಕೈ ತೆಗೆದು ಕ್ಯಾಮರಾವನ್ನು ನೇರ ಸಿಕ್ಕಿಸಿದರು. ಪರದೆಯ ಮೇಲೆ ಬಂದದ್ದು ಕಾವಲಿಗೆ ಹೊಯ್ದ ದೋಸೆಹಿಟ್ಟಿನಂಥ ಒಂದು ಬಿಳಿ ಮುದ್ದೆ. ಬಿಂಬ ಸ್ಪಷ್ಟ ಮಾಡುವ ತಿರುಪನ್ನು ತಿರುಗಿಸಿದರು, ತಿರುಗಿಸಿದರು, ಕೊನೆಯವರೆಗೂ ತಿರುಗಿಸಿದರು. ಮುದ್ದೆ ಸ್ವಲ್ಪ ಚಿಕ್ಕದಾಯಿತೇ ಹೊರತು ಚಂದ್ರನಾಗಲಿಲ್ಲ. ಅತಿಥಿಗಳು ಮೈಕಿನಲ್ಲೇ, ‘ನನ್ನ ಮೊಬೈಲಲ್ಲಿ ಇದಕ್ಕಿಂತ ಚಂದ ಬರ್ತದೆ,’ ಎಂದರು. ಸಭೆಯೆಲ್ಲ ನಕ್ಕಿತು.

ಆಗ ಹಿಂದಿನಿಂದ ಇವರ ದನಿ ಬಂತು. ‘ಪೈಪು ಹಾಕದೆ ಬರುದಿಲ್ಲ ಸರ್. ಕಪಾಟಿನಲ್ಲಿ ಪೈಪು ಇಲ್ಲ. ಯಾರು ತೆಗ್ದದ್ದು?’

‘ಯಾವ ಪೈಪು? ನೀನು ಸುಮ್ಮನಿರು,’ ಎಂದರು ಮುಖ್ಯಸ್ಥರು. ತನಗಿಂತ ಹತ್ತು ವರ್ಷ ದೊಡ್ಡವರಿಗೆ, ಇನ್ನೂರು ಮಕ್ಕಳ ಎದುರು, ‘ನೀನು’.

ಇವರು ಸುಮ್ಮನಿರಲಿಲ್ಲ. ಅತಿಥಿಗಳು ಊಟಕ್ಕೆ ಹೋದ ಮೇಲೆ ಕ್ಯಾಮರಾ ತೆಗೆದು, ಮೊಣಕೈ ಮತ್ತು ಸಣ್ಣ ಕಣ್ಣು ಸಿಕ್ಕಿಸಿ, ಉಳಿದಿದ್ದ ಹತ್ತು ಹದಿನೈದು ಜನರನ್ನು ಸಾಲು ನಿಲ್ಲಿಸಿ ತೋರಿಸಿದರು. ನಾನೂ ನೋಡಿದೆ. ಚಂದ್ರನ ಕುಳಿಗಳ ಅಂಚು ಕತ್ತರಿಸಿಟ್ಟಷ್ಟು ಸ್ಪಷ್ಟವಾಗಿತ್ತು. ‘ನೋಡಿ, ಲೆನ್ಸಿಗೆ ಎಂತ ಆಗಿದೆ? ಎಂತದೂ ಆಗ್ಲಿಲ್ಲ,’ ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದರು. ಕೇಳಬೇಕಾದವರೆಲ್ಲ ಆಗ ಗೋಳಿಬಜೆ ತಿನ್ನುತ್ತಿದ್ದರು.

ಮಾರನೆಯ ದಿನವೇ ಮೆಮೊ. ‘ತಮ್ಮ ಅಜಾಗರೂಕತೆಯಿಂದ ದೂರದರ್ಶಕದ ಮಸೂರಕ್ಕೆ ಹಾನಿಯಾಗಿದ್ದು, ಸಂಸ್ಥೆಯ ಗೌರವಕ್ಕೆ ಧಕ್ಕೆ ಉಂಟಾಗಿರುತ್ತದೆ. ಮೂರು ದಿನಗಳೊಳಗೆ ಲಿಖಿತ ಉತ್ತರ ನೀಡತಕ್ಕದ್ದು.’

ಅವರು ಉತ್ತರ ಬರೆದುಕೊಂಡು ನನ್ನ ಹತ್ತಿರ ಬಂದರು. ಕನ್ನಡದವಳಲ್ಲವೆ, ತಿದ್ದಿಕೊಡಲಿ ಎಂದು. ರೂಲು ಹಾಕಿದ ಎರಡು ಹಾಳೆ. ಎರಡನೆಯ ಹಾಳೆಯ ನಡುವೆ ಒಂದು ವಾಕ್ಯವಿತ್ತು: ‘ಕಪಾಟಿನಲ್ಲಿ ಇದ್ದ ದೂರದ ಪೈಪು ಸ್ಟಾಕ್ ನೋಡಿದ ಮೇಲೆ ಕಾಣುವುದಿಲ್ಲ.’

ಆ ಸ್ಟಾಕ್ ನೋಡಿದ್ದು ನಾನು. ಆದರೂ ಕೇಳಿದೆ, ‘ಆ ಖಾಲಿ ಪೈಪು ಅಷ್ಟು ಮುಖ್ಯವಾ?’

ಅವರಿಗೆ ಸಿಟ್ಟು ಬಂತು. ‘ಬನ್ನಿ ಮೇಡಂ,’ ಎಂದು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದರು. ಕಿಟಕಿಯ ಎದುರಿನ ಗೋಡೆಯ ಹತ್ತಿರ ಒಂದು ಮಸೂರ ಹಿಡಿದರು. ಗೋಡೆಯ ಮೇಲೆ ಬರೀ ಬೆಳಕಿನ ಮಬ್ಬು. ಕೈಯನ್ನು ಮೆಲ್ಲ ಹಿಂದೆ ತಂದರು. ಒಂದು ಕಡೆ ಬಂದಾಗ ಇಡೀ ಕಿಟಕಿ, ಸರಳು ಸಹಿತ, ಹೊರಗಿನ ಹಲಸಿನ ಮರ ಸಹಿತ, ತಲೆಕೆಳಗಾಗಿ ಗೋಡೆಯ ಮೇಲೆ ಬಂದು ನಿಂತಿತು. ‘ಬೆಳಕು ಕೂಡುವ ಜಾಗ ಅಂತ ಒಂದು ಉಂಟು. ಅಲ್ಲಿ ಗೋಡೆ ಇದ್ರೆ ಚಿತ್ರ, ಇಲ್ಲದಿದ್ರೆ ಮುದ್ದೆ. ಮೊಣಕೈ ಹಾಕಿದ್ರೆ ಬೆಳಕು ಅದರೊಳಗೆ ಸುತ್ತಿ ಬರ್ತದೆ, ಅಷ್ಟು ದೂರ ಅಲ್ಲೇ ಮುಗೀತದೆ. ಮೊಣಕೈ ತೆಗ್ದು ಕ್ಯಾಮರಾ ನೇರ ಇಟ್ರೆ, ಕ್ಯಾಮರಾ ಬೆಳಕು ಕೂಡುವ ಜಾಗಕ್ಕಿಂತ ಮುಂದೆ ಆಯ್ತು. ತಿರುಪು ಅಷ್ಟು ಹಿಂದೆ ಬರುದಿಲ್ಲ. ಅದಕ್ಕೇ ಪೈಪು. ಪೈಪು ಎಂತದೂ ಮಾಡುದಿಲ್ಲ ಮೇಡಂ, ಕ್ಯಾಮರಾವನ್ನು ಅಷ್ಟು ಹಿಂದೆ ಇಡ್ತದೆ. ಅದರೊಳಗೆ ಗಾಜು ಇದ್ರೆ ಕೆಲಸವೇ ಕೆಟ್ಟಿತು. ಖಾಲಿ ಇರ್ಬೇಕು ಅಂತಲೇ ಮಾಡಿದ್ದು ಅದು.’

ನನಗೆ ಪೂರ್ತಿ ಅರ್ಥವಾಯಿತು. ಅರ್ಥವಾದ ಮೇಲೆ ನಾನು ಮಾಡಿದ್ದೇನು? ಕೆಂಪು ಪೆನ್ನು ತೆಗೆದು ಆ ವಾಕ್ಯದ ಮೇಲೆ ಗೆರೆ ಎಳೆದೆ. ‘ಇದು ಬೇಡ, ಇನ್ನೊಬ್ಬರ ಮೇಲೆ ತಪ್ಪು ಹಾಕಿದ ಹಾಗೆ ಕಾಣ್ತದೆ. ಮರ್ಯಾದೆಯಲ್ಲಿ ಬರೆಯುವ,’ ಎಂದೆ. ಆಗ ನನ್ನ ಕೆಲಸ ಖಾಯಂ ಆಗಿರಲಿಲ್ಲ ಎಂಬುದು ನಿಜ. ಅದು ನೆಪ ಎಂಬುದೂ ನಿಜ. ಅವರು ಹಾಳೆಯನ್ನು ನೋಡಿದರು, ನನ್ನ ಮುಖ ನೋಡಿದರು, ಏನೂ ಹೇಳದೆ ತೆಗೆದುಕೊಂಡು ಹೋದರು. ಏನೂ ಹೇಳದೆ ಹೋದದ್ದನ್ನು ನಾನು ಒಪ್ಪಿಗೆ ಎಂದು ತಿಳಿದುಕೊಂಡೆ, ಅಲ್ಲ, ಹಾಗೆ ತಿಳಿದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಆ ವಾಕ್ಯ ಹೋದ ಮೇಲೆ ಉತ್ತರದಲ್ಲಿ ಉಳಿದದ್ದು ‘ನಾನು ಹಾಳು ಮಾಡಿಲ್ಲ’ ಎಂಬಷ್ಟೇ. ‘ಉತ್ತರ ಸಮಾಧಾನಕರವಾಗಿಲ್ಲ’ ಎಂದು ಷರಾ ಬಂತು. ಸೇವಾ ಪುಸ್ತಕದಲ್ಲಿ ಎಚ್ಚರಿಕೆ ದಾಖಲಾಯಿತು. ಬೇರೆ ಯಾರಾದರೂ ಆಗಿದ್ದರೆ ಕೈ ತೊಳೆದುಕೊಂಡು ಕೂರುತ್ತಿದ್ದರು. ಇವರು ಹೋಗಿ ಪೈಪು ಮಾಡಲು ಹೊರಟರು.

ಮಾಡಿದ ರೀತಿಯನ್ನು ಹೇಳದಿದ್ದರೆ ಈ ಮನುಷ್ಯನನ್ನು ಹೇಳಿದ ಹಾಗಾಗುವುದಿಲ್ಲ. ಒಂದು ಮಧ್ಯಾಹ್ನ ದೂರದರ್ಶಕವನ್ನು ಟೆರೇಸಿಗೆ ಹೊತ್ತು, ದೂರದ ಗಡಾಯಿಕಲ್ಲಿನ ಬೆಟ್ಟಕ್ಕೆ ಗುರಿಯಿಟ್ಟರು. ಗೋಳಿಬಜೆ ಕಟ್ಟಿಕೊಟ್ಟ ನೋಟ್‌ಬುಕ್ಕಿನ ಹಾಳೆ ಕೈಯಲ್ಲಿತ್ತು, ಎಣ್ಣೆ ಕುಡಿದು ಬೆಳಕು ಹಾಯುವಂತಾದ ಹಾಳೆ. ಅದನ್ನು ಕಣ್ಣಿಡುವ ತೂತಿನ ಹಿಂದೆ ಹಿಡಿದು ಹಿಂದೆ ಮುಂದೆ ಸರಿಸಿದರು. ಒಂದು ಕಡೆ ಆ ಎಣ್ಣೆ ಕಾಗದದ ಮೇಲೆ ಗಡಾಯಿಕಲ್ಲು ಬುಡಮೇಲಾಗಿ ಮೂಡಿತು, ತುದಿಯ ಪೊದೆಗಳು ಸಹಿತ. ‘ಹಿಡ್ಕೊಳ್ಳಿ ಮೇಡಂ, ಅಲ್ಲಾಡಿಸ್ಬೇಡಿ,’ ಎಂದು ಕಾಗದವನ್ನು ನನ್ನ ಕೈಗೆ ಕೊಟ್ಟು ಕಿಸೆಯ ಸ್ಕೇಲು ತೆಗೆದರು. ಕೊಳವೆಯ ತುದಿಯಿಂದ ಕಾಗದದವರೆಗೆ ಅಳೆದರು. ಕ್ಯಾಮರಾದ ನೆತ್ತಿಯ ಮೇಲಿದ್ದ ಒಂದು ಗುರುತು ತೋರಿಸಿದರು. ಸಣ್ಣ ಸೊನ್ನೆ, ಅದರ ನಡುವೆ ಒಂದು ಗೆರೆ. ಚಿತ್ರ ಬೀಳುವ ಜಾಗ ಅದಂತೆ. ಅಲ್ಲಿಂದ ಕ್ಯಾಮರಾದ ಮೂತಿಯವರೆಗೆ ಎಷ್ಟು ಎಂದು ಅಳೆದು ಕಳೆದರು. ಉಳಿದಷ್ಟು ಪೈಪು ಬೇಕು.

ಬಚ್ಚಲಿನ ನೀರು ಹೋಗಲು ಹಾಕುವ ಬಿಳಿ ಪೈಪಿನ ತುಂಡೊಂದನ್ನು ಆ ಅಳತೆಗೆ ಕೊಯ್ದರು. ಒಂದು ತುದಿ ಸಡಿಲಾಗುತ್ತಿತ್ತು, ಅದಕ್ಕೆ ಟೇಪು ಸುತ್ತಿದರು. ಇನ್ನೊಂದು ಬಿಗಿಯಾಗುತ್ತಿತ್ತು, ಕ್ಯಾಂಟೀನಿನ ಕುದಿಯುವ ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ಕ್ಯಾಮರಾದ ಬಳೆಯ ಅಳತೆಗೆ ಹಿಗ್ಗಿಸಿದರು. ಒಳಗೆಲ್ಲ ಕರಿಹಲಗೆಗೆ ಬಳಿಯುವ ಕಪ್ಪು ಬಣ್ಣ. ‘ಬಿಳಿ ಬಿಟ್ರೆ ಬೆಳಕು ಒಳಗೇ ಹಾರಿ ಚಿತ್ರ ತೊಳೆದು ಹೋಗ್ತದೆ,’ ಎಂದರು. ಹೊರಗಿನಿಂದ ಒಂದು ಕ್ಲಿಪ್ಪು. ಬಣ್ಣ ಒಣಗುವ ತನಕ ಪ್ರಯೋಗಾಲಯದ ಕಿಟಕಿಯಲ್ಲಿ ಅದನ್ನು ನಿಲ್ಲಿಸಿದ್ದರು. ಹಾದುಹೋಗುವವರು ‘ಎಂತ, ಬಚ್ಚಲು ರಿಪೇರಿಯಾ?’ ಎಂದು ಕೇಳುತ್ತಿದ್ದರು.

ಮುಂದಿನ ತಿಂಗಳ ಅರ್ಧ ಚಂದ್ರನ ಸಂಜೆ ಆ ಬಚ್ಚಲು ಪೈಪಿನ ತುದಿಗೆ ಕ್ಯಾಮರಾ ಸಿಕ್ಕಿಸಿ ಅವರು ತೆಗೆದ ಫೋಟೋ ಇವತ್ತಿಗೂ ನಮ್ಮ ಪ್ರಿನ್ಸಿಪಾಲರ ಕೋಣೆಯ ಹೊರಗೆ ದೊಡ್ಡ ಗಾಜಿನ ಚೌಕಟ್ಟಿನಲ್ಲಿ ನೇತಾಡುತ್ತಿದೆ. ಕೆಳಗೆ ಬರೆದದ್ದು ‘ಭೌತಶಾಸ್ತ್ರ ವಿಭಾಗ’. ಬಂದ ಅತಿಥಿಗಳೆಲ್ಲ ಅದರ ಎದುರು ನಿಂತು ಹೊಗಳುತ್ತಾರೆ. ಮುಖ್ಯಸ್ಥರು ಕೈಕಟ್ಟಿ ವಿನಯದಿಂದ ನಗುತ್ತಾರೆ. ಸ್ವಲ್ಪ ಯೋಚಿಸಿ ನೋಡಿ. ಹಾಳಾದ ಮಸೂರದಿಂದ ತೆಗೆದ ಚಂದ್ರ ಗೋಡೆಯ ಹೊರಗೆ. ಮಸೂರ ಹಾಳು ಮಾಡಿದ್ದಾನೆ ಎಂಬ ಕಾಗದ ಗೋಡೆಯ ಒಳಗೆ, ಕಪಾಟಿನಲ್ಲಿ. ಎರಡರ ನಡುವೆ ಒಂಬತ್ತಿಂಚಿನ ಗೋಡೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ ಎಂದು ತಿಳಿಯಲು ಭೌತಶಾಸ್ತ್ರ ಓದಬೇಕೆ?

ಫೋಟೋದ ಕೆಳಗೆ ಹೆಸರು ಹಾಕಿಲ್ಲವೆಂದು ಅವರು ಒಮ್ಮೆಯೂ ದೂರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದೇ: ಮೆಮೊ ಹಿಂದಕ್ಕೆ ಪಡೆದ ಕಾಗದ. ಪ್ರತಿವರ್ಷ ಜೂನಿನಲ್ಲಿ ಒಂದು ಅರ್ಜಿ ಕೊಡುತ್ತಿದ್ದರು. ‘ಲೆನ್ಸ್ ಸರಿ ಉಂಟು ಅಂತ ನೀವೇ ಗೋಡೆಗೆ ಹಾಕಿದ್ದೀರಿ. ಹಾಗಾದ್ರೆ ಮೆಮೊ ತೆಗೀರಿ.’ ಮೂವರು ಪ್ರಿನ್ಸಿಪಾಲರು ಬಂದುಹೋದರು. ಮೂವರೂ ಹೇಳಿದ್ದು ‘ನೋಡುವ’. ನಮ್ಮ ಕಡೆ ‘ಇಲ್ಲ’ ಎಂದು ಯಾರೂ ಮುಖಕ್ಕೆ ಹೇಳುವುದಿಲ್ಲ, ನಾವು ಸಭ್ಯರು. ‘ನೋಡುವ’ ಎನ್ನುತ್ತೇವೆ, ಆಮೇಲೆ ಆ ಕಡೆ ನೋಡುವುದಿಲ್ಲ.

ನನ್ನ ಜೊತೆಗಿನ ಮಾತು ಆ ವರ್ಷಗಳಲ್ಲಿ ತೆಳುವಾಯಿತು. ಗುರುವಾಯನಕೆರೆಯಲ್ಲಿ ಅವರು ಬಸ್ಸಿನ ಹಿಂದಿನ ಬಾಗಿಲಿಂದ ಹತ್ತತೊಡಗಿದರು. ಆದರೆ ಶನಿಗ್ರಹ ಕಾಣುವ ಕಾಲದಲ್ಲಿ ಸಂಜೆ ಟೆರೇಸಿಗೆ ಕರೆಯುವುದನ್ನು ಬಿಡಲಿಲ್ಲ. ಒಮ್ಮೆ ಬಿಂಬ ದೊಡ್ಡದು ಮಾಡುವ ಇನ್ನೊಂದು ಮಸೂರ ಹಾಕಿ, ಅದರ ಹಿಂದೆ ಅದೇ ಕಪ್ಪು ಪೈಪು ಸೇರಿಸಿ ಶನಿಯ ಬಳೆ ತೋರಿಸಿದರು. ಬಳೆ ಮೊದಲಿಗಿಂತ ದೊಡ್ಡದಾಗಿ ಕಂಡಿತು, ಆದರೆ ಮಂಕಾಗಿ. ‘ಪೈಪು ಉದ್ದ ಮಾಡಿದಷ್ಟು ದೊಡ್ಡದು ಮಾಡ್ಲಿಕ್ಕೆ ಬರ್ತದೆ ಮೇಡಂ. ದೊಡ್ಡದಾದಷ್ಟು ಬೆಳಕು ಕಮ್ಮಿ,’ ಎಂದರು. ಆಮೇಲೆ ಪ್ರಿನ್ಸಿಪಾಲರ ಕೋಣೆಯ ಕಡೆ ಗಲ್ಲ ಎತ್ತಿ, ‘ಎಲ್ಲಾ ಕಡೆ ಹಾಗೇ,’ ಎಂದು ಸೇರಿಸಿದರು.

ಎರಡು ವರ್ಷದ ಹಿಂದೆ ಅವರು ನಿವೃತ್ತರಾದರು. ಬೀಳ್ಕೊಡುಗೆಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಎಲ್ಲ ಸಿದ್ಧವಾಗಿತ್ತು. ಎರಡು ಮಾತಾಡಿ ಎಂದು ಮೈಕು ಕೊಟ್ಟರು.

‘ಎಲ್ಲರಿಗೂ ನಮಸ್ಕಾರ. ನನಗೆ ಶಾಲು ಬೇಡ. ಈ ಸೆಕೆಗೆ ಶಾಲು ಹೊದ್ದು ಎಂತ ಮಾಡುದು? ನಾನು ಲೆನ್ಸ್ ಹಾಳು ಮಾಡ್ಲಿಲ್ಲ ಅಂತ ಒಂದು ಕಾಗದ ಕೊಡಿ. ಒಂದು ಗೆರೆ ಸಾಕು.’

ಪ್ರಿನ್ಸಿಪಾಲರು ಗಟ್ಟಿಯಾಗಿ ನಕ್ಕು, ‘ನಮ್ಮಣ್ಣನಿಗೆ ತಮಾಷೆ ಜಾಸ್ತಿ,’ ಎಂದು ಚಪ್ಪಾಳೆ ತಟ್ಟಿದರು. ಅವರು ತಟ್ಟಿದರೆಂದು ಎಲ್ಲರೂ ತಟ್ಟಿದರು. ನಾನೂ ತಟ್ಟಿದೆ. ಅವರು ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಹೋದರು. ಮಾರನೆಯ ದಿನ ಆಫೀಸಿನವರು ಅದನ್ನು ಮನೆಗೆ ತಲುಪಿಸಿ ಸಹಿ ತೆಗೆದುಕೊಂಡು ಬಂದರು, ರಿಜಿಸ್ಟರಿಗೆ ಬೇಕಲ್ಲ.

ಆಮೇಲೊಮ್ಮೆ ಗುರುವಾಯನಕೆರೆಯಲ್ಲಿ ಸಿಕ್ಕಿದರು. ಕೈಯಲ್ಲಿ ಔಷಧದ ಚೀಲ, ಕಿಸೆಯಲ್ಲಿ ಅದೇ ಸ್ಕೇಲು. ಬಸ್ಸು ತಡವಾಗಿತ್ತು. ಐದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ನಾನು ಹೇಳಿಬಿಟ್ಟೆ: ಪೈಪನ್ನು ಹೆಚ್ಚುವರಿ ಎಂದು ಬರೆದದ್ದು ನಾನು.

‘ಗೊತ್ತುಂಟು ಮೇಡಂ. ಆ ಕಾರ್ಯಕ್ರಮ ಆದ ಮೇಲೆ ಆ ವರದಿಯನ್ನು ಫೈಲಿಗೆ ಹಾಕಿದ್ದು ನಾನೇ ಅಲ್ವಾ. ನಿಮ್ಮ ಅಕ್ಷರ ನನಗೆ ಗೊತ್ತಿಲ್ವಾ?’

‘ಮತ್ತೆ ಯಾಕೆ ನೀವು ಹೇಳ್ಲಿಲ್ಲ?’

‘ಹೇಳ್ಬೇಕಾದದ್ದು ನಾನಾ?’ ಮುಖ ಕೆಂಪಾಯಿತು, ದನಿ ಸಣ್ಣದಾಯಿತು. ‘ನಾನು ಹೇಳಿದ್ರೆ, ಅಟೆಂಡರ್ ತಪ್ಪಿಸ್ಕೊಳ್ಳಿಕ್ಕೆ ಮೇಡಮಿನ ಮೇಲೆ ಹಾಕ್ತಾನೆ ಅಂತ ಆಗ್ತದೆ. ನೀವು ಹೇಳಿದ್ರೆ ಅದು ನಿಜ. ನಾನು ಅದನ್ನೇ ಕಾದದ್ದು. ಈಗ ನನಗೆ ಹೇಳಿ ಎಂತ ಪ್ರಯೋಜನ? ಬರ್ದು ಆಫೀಸಿಗೆ ಕೊಡಿ.’

‘ನೋಡುವ,’ ಎಂದೆ ನಾನು.

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ‘ನೀವೂ ಅದನ್ನೇ ಹೇಳ್ತೀರಿ,’ ಎಂದು ಬಂದ ಬಸ್ಸು ಹತ್ತಿದರು. ಅದೇ ಕೊನೆ. ಕಳೆದ ತಿಂಗಳು ಹೃದಯ ನಿಂತು ಹೋದರು.

ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ನಾನು ಮಡಂತ್ಯಾರಿಗೆ ಹೋದೆ. ಅವರ ಹೆಂಡತಿ ಕುಡಿಯಲು ನೀರು ಬೆಲ್ಲ ಕೊಟ್ಟರು. ಅದೂ ಇದೂ ಮಾತಾಡಿದ ಮೇಲೆ ಆಕೆ ಕೇಳಿದ್ದು ಒಂದೇ ಪ್ರಶ್ನೆ. ‘ಮೇಡಂ, ಅವರ ಆ ಕಾಗದ ಬಂತಾ? ಟಪಾಲಿನವ ಬಂದ್ರೆ ಅವರು ಎದ್ದು ಹೋಗ್ತಿದ್ರು.’

ಅಷ್ಟು ವರ್ಷ ಸಭ್ಯತೆ ಎಂದುಕೊಂಡಿದ್ದು ಹೇಡಿತನವೆಂದು ನನಗೆ ಆ ಜಗಲಿಯಲ್ಲಿ ಕೂತು ತಿಳಿಯಿತು. ನನ್ನ ಮೇಲೆ ನನಗೆ ಬಂದಷ್ಟು ಸಿಟ್ಟು ಆ ಮುಖ್ಯಸ್ಥರ ಮೇಲೂ ಬಂದಿರಲಿಲ್ಲ.

ಈ ಸಲದ ಸ್ಟಾಕ್ ತಪಾಸಣೆ ಕಳೆದ ವಾರ ನಡೆಯಿತು. ಭೌತಶಾಸ್ತ್ರಕ್ಕೆ ನಾನೇ ಕೇಳಿಕೊಂಡು ಹೋದೆ. ಜೊತೆಗೆ ಹೊಸದಾಗಿ ಸೇರಿದ ಇತಿಹಾಸದ ಉಪನ್ಯಾಸಕರು. ದೂರದರ್ಶಕದ ಪೆಟ್ಟಿಗೆ ತೆರೆದು ಅವರು ಆ ಕಪ್ಪು ಪೈಪನ್ನು ಎತ್ತಿ ಹಿಡಿದರು. ‘ಇದು ಲಿಸ್ಟಿನಲ್ಲಿ ಇಲ್ಲ ಮೇಡಂ. ಖಾಲಿ ಪೈಪು. ಹೆಚ್ಚುವರಿ ಅಂತ ಹಾಕುವನಾ?’

ನಾನು ಅವರ ಕೈಯಿಂದ ಪೈಪನ್ನು ತೆಗೆದುಕೊಂಡು ಪೆಟ್ಟಿಗೆಯಲ್ಲಿಟ್ಟೆ. ರಿಜಿಸ್ಟರನ್ನು ನನ್ನ ಕಡೆಗೆ ಎಳೆದುಕೊಂಡು ಬರೆದೆ: ದೂರದ ಪೈಪು – ೧. ಸ್ಥಿತಿ: ಉತ್ತಮ. ತಯಾರಿಸಿದವರು: ಅಲ್ಲಿ ಅವರ ಪೂರ್ಣ ಹೆಸರು, ತಂದೆಯ ಹೆಸರು ಸಹಿತ. ನೋಡಬೇಕಾದವರು ಅಲ್ಲಿ ಹೋಗಿ ನೋಡಬಹುದು. ಅಳಿಸಲು ಬಾರದ ಶಾಯಿಯಲ್ಲಿದೆ.

ಮೊನ್ನೆ ನನಗೆ ಮೆಮೊ ಬಂತು. ಇಷ್ಟು ವರ್ಷದ ನೌಕರಿಯಲ್ಲಿ ಮೊದಲನೆಯದು. ‘ಬಿಲ್ಲು ಇಲ್ಲದ ವಸ್ತುವನ್ನು ಅನಧಿಕೃತವಾಗಿ ಸ್ಟಾಕ್ ರಿಜಿಸ್ಟರಿನಲ್ಲಿ ನಮೂದಿಸಿರುವ ಬಗ್ಗೆ ಮೂರು ದಿನಗಳೊಳಗೆ ಲಿಖಿತ ಉತ್ತರ ನೀಡತಕ್ಕದ್ದು.’

ನೀಡಿದ್ದೇನೆ. ಇವತ್ತು ಬೆಳಿಗ್ಗೆ ಆಫೀಸಿಗೆ ಕೊಟ್ಟು ಸ್ವೀಕೃತಿಯ ಸಹಿ ತೆಗೆದುಕೊಂಡೆ. ಒಂದು ಪ್ರತಿಯನ್ನು ಮಡಂತ್ಯಾರಿಗೆ ಟಪಾಲಿಗೆ ಹಾಕಿದೆ. ಎರಡು ಪುಟ ಬರೆಯಲು ಕೂತಿದ್ದೆ, ಎರಡು ವಾಕ್ಯ ಸಾಕಾಯಿತು. ಮೊದಲನೆಯದು ಅವರದು, ಏಳು ವರ್ಷದ ಹಿಂದೆ ನಾನು ಕೆಂಪು ಗೆರೆ ಎಳೆದದ್ದು. ಒಂದಕ್ಷರವನ್ನೂ ತಿದ್ದಿಲ್ಲ: ‘ಕಪಾಟಿನಲ್ಲಿ ಇದ್ದ ದೂರದ ಪೈಪು ಸ್ಟಾಕ್ ನೋಡಿದ ಮೇಲೆ ಕಾಣುವುದಿಲ್ಲ.’ ಎರಡನೆಯದು ನನ್ನದು: ‘ಅದನ್ನು ಗುಜರಿಗೆ ಹಾಕಿದ್ದು ನಾನು.’